ಗ್ರಾಫಕ್ಕನ ಒಂದೇ ಮುಖ

ಊರಿನ ಆಸ್ಪತ್ರೆಯಲ್ಲಿ ಎದೆಯ ಗ್ರಾಫು ತೆಗೆಯುವ ಗ್ರಾಫಕ್ಕನಿಗೆ ಹೃದಯವೇ ಇಲ್ಲ ಎಂದು ಈ ಸಾಲುಗಳನ್ನು ಬರೆಯುತ್ತಿರುವವನು ಒಂದು ಕಾಲದಲ್ಲಿ ಗಟ್ಟಿಯಾಗಿ ನಂಬಿದ್ದ. ಎದೆ ಹಿಡಿದುಕೊಂಡಿದೆ ಎಂದು ಆಸ್ಪತ್ರೆಗೆ ಹೋದವನನ್ನು ಆಕೆ ಮಲಗಿಸಿ, ತಂತಿ ಸಿಕ್ಕಿಸಿ, ಇಸಿಜಿ ಯಂತ್ರದಿಂದ ಹೊರಬಂದ ಕಾಗದವನ್ನೊಮ್ಮೆ ನೋಡಿ "ಏಳಿ" ಎಂದರು. ಅಷ್ಟೆ. ಆ ಮುಖದಲ್ಲಿ ನಗುವೂ ಇಲ್ಲ, ಮರುಕವೂ ಇಲ್ಲ. ತನ್ನ ಕಥೆ ಮುಗಿಯಿತೆಂದುಕೊಂಡ ಆ ಬಡಪಾಯಿ ಹೊರಗೆ ಬಂದು, ಬೀರುವಿನ ಬೀಗದ ಕೈ ಎಲ್ಲಿದೆಯೆಂದು ಹೆಂಡತಿಗೆ ಹೇಳಿ, ಎಂಟು ವರ್ಷದಿಂದ ಮಾತು ಬಿಟ್ಟಿದ್ದ ಭಾವಮೈದುನನಿಗೆ ಫೋನು ಮಾಡಿ ಕ್ಷಮೆಯನ್ನೂ ಕೇಳಿಬಿಟ್ಟ. ಅರ್ಧ ಗಂಟೆಯ ಮೇಲೆ ಡಾಕ್ಟರು, "ಬರೀ ಗ್ಯಾಸು. ತಿನ್ನೋದು ಸ್ವಲ್ಪ ಕಡಿಮೆ ಮಾಡಿ" ಎಂದರು. ಕೇಳಿದ ಕ್ಷಮೆಯನ್ನು ವಾಪಸು ಪಡೆಯುವ ದಾರಿ ಮಾತ್ರ ಉಳಿದಿರಲಿಲ್ಲ.

ಆ ಮುಖದ ಗುಟ್ಟು ತಿಳಿದದ್ದು ಬಹಳ ದಿನಗಳ ಮೇಲೆ, ಆಕೆಯ ಗಂಡನ ಬಾಯಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಗ್ರಾಫಕ್ಕ ಎಲ್ಲರಂತೆ ನಗುತ್ತಿದ್ದರಂತೆ. ಒಂದು ದಿನ ಹಾಸಿಗೆಯ ಮೇಲಿದ್ದ ಮುದುಕರೊಬ್ಬರು, "ಯಾಕಮ್ಮಾ, ನನಗಿಂತ ಮುಂಚೆ ಬಂದವನಿಗೆ ನಕ್ಕೆ, ನನಗೆ ನಗಲಿಲ್ಲ? ನಂದು ಕೆಟ್ಟಿದೆಯಾ?" ಎಂದು ಕೇಳಿ ಗಡಗಡ ನಡುಗತೊಡಗಿದರು. ಫಲಿತಾಂಶ ಹೇಳುವುದು ಡಾಕ್ಟರ ಕೆಲಸ. ಆದರೆ ಮಲಗಿದವರು ಓದುವುದು ಆಕೆಯ ಮುಖವನ್ನು. ಅಂದಿನಿಂದ ಗ್ರಾಫಕ್ಕ ಎಲ್ಲರಿಗೂ ಒಂದೇ ಮುಖ ಇಟ್ಟುಕೊಂಡರು. ಸಾಯುವವನಿಗೂ ಅದೇ, ಗ್ಯಾಸಿನವನಿಗೂ ಅದೇ. ಎರಡನೇ ಮಹಡಿಯ ಕೊನೆಯ ಕೋಣೆ, ಹಸಿರು ರೆಕ್ಸಿನ್ನಿನ ಹಾಸಿಗೆ, ಎರಡು ಕೊಂಡಿ ಕಳಚಿ ಜೋಲುವ ಪರದೆ, ಅದರ ನಡುವೆ ಆ ಮುಖ. ಎದೆಗೆ ಅಂಟಿಸುವ ಲೋಹದ ಬಟ್ಟಲುಗಳನ್ನು ಮಾತ್ರ ಮೊದಲು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದರು. ಅದನ್ನು ಯಾರೂ ಗಮನಿಸುತ್ತಿರಲಿಲ್ಲ. ಎಲ್ಲರ ಕಣ್ಣೂ ಮುಖದ ಮೇಲೆಯೇ.

ಗಂಡನದು ಇದಕ್ಕೆ ಪೂರ್ತಿ ತದ್ವಿರುದ್ಧ ಜಾತಕ. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಠಸ್ಸೆ ಹೊಡೆದು ನಿವೃತ್ತರಾದ ಅವರು, ಊರಿನ ಯಾವ ಸಭೆಯಿರಲಿ, ಸ್ವಾಗತ ಭಾಷಣಕ್ಕೆ ಕಾಯಂ. ಹೃದಯ ಎಂಬ ಪದವನ್ನು ಬಿಟ್ಟು ಅವರಿಗೆ ಯಾರನ್ನೂ ಸ್ವಾಗತಿಸಲು ಬರುತ್ತಿರಲಿಲ್ಲ. ಹೃದಯವಂತ ಅಧ್ಯಕ್ಷರು, ಹೃದಯಸ್ಪರ್ಶಿ ಕಾರ್ಯಕ್ರಮ, ಹೃದಯಾಂತರಾಳದ ನಮನ. ಕುರ್ಚಿ ಬಾಡಿಗೆಗೆ ಕೊಟ್ಟವರಿಗೂ ಹೃತ್ಪೂರ್ವಕ ವಂದನೆ. ಹುಡುಗರು ಅವರಿಗೆ 'ಹೃತ್ಪೂರ್ವಕ' ಎಂದೇ ಹೆಸರಿಟ್ಟಿದ್ದರು. ಅವರು ಅದನ್ನು ಬಿರುದೆಂದು ಭಾವಿಸಿದ್ದರು.

ಮನೆಯಲ್ಲಿ ಈ ಪದಕ್ಕೆ ಅಷ್ಟು ಬೆಲೆ ಇರಲಿಲ್ಲ.

"ನನ್ನ ಹೃದಯ ನಿನ್ನ ಕೈಯಲ್ಲಿದೆ ಕಣೇ" ಎಂದು ಅವರು ಒಮ್ಮೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದರು.

"ನನ್ನ ಕೈಯಲ್ಲಿ ಸದ್ಯಕ್ಕೆ ಈರುಳ್ಳಿ ಇದೆ. ಹೃದಯ ಇಲ್ಲೆಲ್ಲೂ ಇಲ್ಲ, ನಿಮ್ಮ ಪಕ್ಕೆಲುಬಿನ ಒಳಗಿದೆ. ಮುಷ್ಟಿಯಷ್ಟು ದಪ್ಪ. ಪಕ್ಕಕ್ಕೆ ಸರೀರಿ, ಗಾಳಿ ಬರ್ಲಿ."

ಹೃದಯವೆಂದಾಗಲೆಲ್ಲ ಎದೆಯ ಮೇಲೆ ಕೈಯಿಡುವುದು ಹೃತ್ಪೂರ್ವಕರ ಶೈಲಿ. ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಪಳಗಿಸಿದ ಶೈಲಿ: ಅಂಗೈ ಅಗಲ, ಬೆರಳು ಬಿಡಿಬಿಡಿ, ಜೇಬಿನ ಪೆನ್ನಿಗೆ ತಾಗದಂತೆ ಎಡಕ್ಕೆ. ಜೊತೆಗೆ ಕಣ್ಣು ಅರ್ಧ ಮುಚ್ಚಿ ಮೂರು ಎಣಿಸುವಷ್ಟು ಮೌನ. ಆ ಮೌನಕ್ಕೆ ಜನ ಚಪ್ಪಾಳೆ ತಟ್ಟುವುದು ಊರಿನ ರೂಢಿಯೇ ಆಗಿತ್ತು.

ಆ ಭಾನುವಾರ ಗ್ರಂಥಾಲಯದ ಹೊಸ ವಾಚನಾಲಯದ ಉದ್ಘಾಟನೆ. ಮುಖ್ಯ ಅತಿಥಿಗಳು ಬಂದದ್ದು ನಲವತ್ತು ನಿಮಿಷ ತಡ. ಬೆಳಗಿನಿಂದಲೂ ಹೃತ್ಪೂರ್ವಕರಿಗೆ ಏನೋ ಸಂಕಟ. ಹೆಂಡತಿಗೆ ಹೇಳಿದರೆ ಭಾಷಣ ತಪ್ಪುತ್ತದೆಂದು ಬಾಯಿ ಬಿಟ್ಟಿರಲಿಲ್ಲ. ಮೈಕಿನ ಮುಂದೆ ನಿಂತು, "ಸಭೆಯಲ್ಲಿ ನೆರೆದಿರುವ ಎಲ್ಲ ಸಹೃದಯರೇ" ಎನ್ನುವಷ್ಟರಲ್ಲಿ ಎದೆಯ ಮೇಲೆ ಯಾರೋ ಅಂಚೆ ಮೂಟೆ ಹೇರಿದಂತಾಯಿತು. ಕೈ ಎದೆಗೆ ಹೋಯಿತು. ಮಾತು ನಿಂತಿತು.

ಚಪ್ಪಾಳೆ ಬಿತ್ತು.

ಮೌನ ಮುಂದುವರಿದಂತೆ ಚಪ್ಪಾಳೆಯೂ ಜೋರಾಯಿತು. ಅಧ್ಯಕ್ಷರು ಕಣ್ಣೊರೆಸಿಕೊಂಡರು. "ಇವತ್ತು ಭಾರೀ ತಯಾರಿ ಮಾಡ್ಕೊಂಡು ಬಂದಿದಾರೆ" ಎಂದು ಯಾರೋ ಮೆಚ್ಚಿಕೊಂಡರು. ತನ್ನ ಜೀವಮಾನದ ದೊಡ್ಡ ಚಪ್ಪಾಳೆಯನ್ನು ಕೇಳುತ್ತಾ ಹೃತ್ಪೂರ್ವಕರು, ಇಷ್ಟು ಜನರ ಎದುರಿಗೇ ತಾನು ಸಾಯುತ್ತಿದ್ದೇನೆ, ಒಬ್ಬರಿಗೂ ಗೊತ್ತಾಗುತ್ತಿಲ್ಲವಲ್ಲ ಎಂದುಕೊಂಡರು.

ನಾಲ್ಕನೇ ಸಾಲಿನಲ್ಲಿ ಗ್ರಾಫಕ್ಕ ಚಪ್ಪಾಳೆ ತಟ್ಟಲಿಲ್ಲ. ಗಂಡನ ಅಂಗೈ ಅಗಲವಾಗಿರಲಿಲ್ಲ, ಮುಷ್ಟಿಯಾಗಿತ್ತು. ಎಡಕ್ಕಿರಲಿಲ್ಲ, ನಟ್ಟನಡುವೆ ಒತ್ತಿತ್ತು. ಹಾಗೆ ಒತ್ತಿಕೊಂಡು ಬಂದವರನ್ನು ಇಪ್ಪತ್ತೆರಡು ವರ್ಷದಿಂದ ಅವರು ಮಲಗಿಸಿದ್ದರು. ಎದ್ದರು, ವೇದಿಕೆ ಹತ್ತಿದರು. ಅಭಿನಂದಿಸಲು ಬಂದರೆಂದು ಕಾರ್ಯದರ್ಶಿಗಳು ಓಡಿಬಂದು ಕೈಗೊಂದು ಹೂಗುಚ್ಛ ಕೊಟ್ಟರು. ಗ್ರಾಫಕ್ಕ ಅದನ್ನು ಮುಖ್ಯ ಅತಿಥಿಗಳ ತೊಡೆಯ ಮೇಲೆ ಹಾಕಿ ಗಂಡನ ತೋಳು ಹಿಡಿದರು.

"ರೀ, ಕೂತ್ಕೊಳ್ಳಿ. ಮಾತಾಡ್ಬೇಡಿ."

ಮೈಕು ಅದನ್ನು ಸಭೆಗೆಲ್ಲ ಕೇಳಿಸಿತು. ಕೊನೆಗೂ ಒಬ್ಬರು ಹೇಳಿದರಲ್ಲಾ ಎಂದು ಹಿಂದಿನ ಸಾಲಿನವರು ಶಿಳ್ಳೆ ಹೊಡೆದರು. ಹೃತ್ಪೂರ್ವಕರು ಕುಸಿದ ಮೇಲೆಯೇ ಸಭೆ ತಣ್ಣಗಾದದ್ದು.

ಅಧ್ಯಕ್ಷರ ಕಾರಿನಲ್ಲಿ ಆಸ್ಪತ್ರೆಗೆ ಐದೇ ನಿಮಿಷ. ಹೆಂಡತಿಯ ಬಾಯಲ್ಲಿ ವರ್ಷಗಟ್ಟಲೆ ಕೇಳಿದ್ದ ಆ ಹಸಿರು ಹಾಸಿಗೆಯ ಮೇಲೆ ಹೃತ್ಪೂರ್ವಕರು ಮೊದಲ ಸಲ ಮಲಗಿದರು. ಬೆಚ್ಚಗಿನ ಬಟ್ಟಲುಗಳು ಎದೆಗೆ ಅಂಟಿದವು. ಯಂತ್ರ ಕಿರುಗುಟ್ಟಿತು. ಅವರು ಕತ್ತು ಹೊರಳಿಸಿ ಹೆಂಡತಿಯ ಮುಖ ನೋಡಿದರು.

ಅದೇ ಮುಖ. ಗ್ಯಾಸಿನವರಿಗೆ ತೋರಿಸುವ ಅದೇ ಮುಖ.

ಇಷ್ಟು ವರ್ಷ ಸಂಸಾರ ಮಾಡಿದ ಗಂಡನಿಗೂ ಇದೇನಾ? ಎದೆಯ ನೋವಿಗಿಂತ ಇದು ಹೆಚ್ಚು ಚುಚ್ಚಿತು. ಬಾಗಿಲ ಬಳಿ ಕಿರಿಯ ಡಾಕ್ಟರು ಕಾಗದ ಹಿಡಿದು ಹುಬ್ಬು ಗಂಟಿಕ್ಕಿ ಏನೋ ಪಿಸುಗುಟ್ಟಿದ್ದು, ಗ್ರಾಫಕ್ಕ ಮರಳಿ ಬಂದು ಕೈಗಳ ತಂತಿ ಬಿಚ್ಚಿ ಮತ್ತೆ ಹಾಕಿದ್ದು, ಎಲ್ಲ ಮಸುಕು ಮಸುಕಾಗಿ ಕಂಡಿತು. ಆಮೇಲೆ ಚಕ್ರದ ಮಂಚ, ದೊಡ್ಡ ಡಾಕ್ಟರು, ರಕ್ತನಾಳದೊಳಗೆ ಒಂದು ಸ್ಟೆಂಟು. ಜೀವ ಉಳಿಯಿತು.

ಉಳಿದ ಜೀವಕ್ಕೆ ಆ ಮುಖದ್ದೇ ಕೊರಗು. ನೋಡಲು ಬಂದವರಿಗೆಲ್ಲ, "ನಾನು ಅವಳಿಗೆ ಹತ್ತರಲ್ಲಿ ಹನ್ನೊಂದನೆಯವನು" ಎಂದು ನಿಟ್ಟುಸಿರಿಡುತ್ತಿದ್ದರು. ಮನೆಗೆ ಹೊರಡುವ ದಿನ ಕಿರಿಯ ಡಾಕ್ಟರ ಕಿವಿಗೂ ಅದು ಬಿತ್ತು.

"ಅಯ್ಯೋ, ಹಾಗನ್ಬೇಡಿ ಸಾರ್" ಎಂದರು ಡಾಕ್ಟರು. "ಆವತ್ತು ಅಕ್ಕ ನಿಮ್ಮ ಎಡಗೈ ತಂತಿ ಬಲಗೈಗೆ, ಬಲಗೈದು ಎಡಗೈಗೆ ಹಾಕಿದ್ರು. ಕಲಿಯೋಕೆ ಬಂದೋರು ಮಾಡೋ ತಪ್ಪು. ನಮಗೆಲ್ಲ ಅದನ್ನ ಸರಿಯಾಗಿ ಹಾಕೋದು ಹೇಳಿಕೊಟ್ಟಿದ್ದೇ ಅವರು. ಅವರ ಕೈ ತಪ್ಪಿದ್ದು ನಾನಂತೂ ನೋಡಿರಲಿಲ್ಲ."

ಕಾರು ಹತ್ತುತ್ತಲೇ ಹೃತ್ಪೂರ್ವಕರಿಗೆ ನಗು ಬಂತು. ಮನೆಗೆ ಬಂದು ಕುರ್ಚಿಯಲ್ಲಿ ಕೂತ ಮೇಲೂ ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು. ಗ್ರಾಫಕ್ಕ ನೀರಿನ ಲೋಟ ಹಿಡಿದು ಬಂದು ನಿಂತರು. ಮುಖ ಎಂದಿನಂತೆಯೇ ಇತ್ತು.

"ಅಲ್ಲಾ ಕಣೇ, ನಿಜ ಹೇಳು. ಆವತ್ತು ನಿನ್ನ ಕೈ ತಪ್ಪಿದ್ದು ನನಗೋಸ್ಕರಾನಾ?"

"ಇಲ್ಲ, ನಿಮ್ಮ ತಲೆ ಕೆಳಗಿದ್ದ ದಿಂಬಿಗೋಸ್ಕರ. ಬಾಯಿ ತೆಗೀರಿ, ಮಾತ್ರೆ."