ಓಣಿಗೆಲ್ಲ ಒಂದೇ ನಂಬರು

ಕೂಡ್ಲಿಗಿಯ ಆ ಓಣಿಯಲ್ಲಿ ಯಾರ ಆಧಾರ್ ಕಾರ್ಡು ತೆಗೆದು ನೋಡಿದರೂ ಅದಕ್ಕೆ ಜೋಡಿಸಿದ್ದು ಅಂಜಿನಕ್ಕನ ಫೋನ್ ನಂಬರೇ. ಕಾರ್ಡು ಮಾಡಿಸುವ ಕಾಲಕ್ಕೆ ಅಲ್ಲಿ ಫೋನಿದ್ದದ್ದು ರೊಟ್ಟಿ ಮಾಡಿ ಮಾರುವ ಅವಳೊಬ್ಬಳ ಹತ್ತಿರ. ನಂಬರಿಲ್ಲದೆ ಆಗುವುದಿಲ್ಲ ಎಂದು ಕಾರ್ಡಿನವನು ಗೊಣಗಿದಾಗ, “ಎಲ್ಲಾರಿಗೂ ನಂದಾ ಬರಕೊಳ್ರಿ, ಅದೇನ್ ಸವೀತೈತೇನು?” ಎಂದುಬಿಟ್ಟಳು ಪುಣ್ಯಾತ್ಗಿತ್ತಿ.

ಸವೆದದ್ದು ಅವಳೇ. ಗ್ಯಾಸಿಗೆ, ರೇಷನ್ನಿಗೆ, ಪಿಂಚಣಿಗೆ, ಯಾರ ಕೆಲಸಕ್ಕೂ ಒಂದು ಓಟಿಪಿ ಬರಬೇಕು, ಬರುವುದು ಇವಳ ಫೋನಿಗೆ. ಹಂಚಿನ ಮೇಲೆ ರೊಟ್ಟಿ, ಕೈತುಂಬ ಹಿಟ್ಟು, ಹೊರಗಿನಿಂದ ಕೂಗು: “ಅಂಜಿನಕ್ಕಾ, ನಂಬರ್ ಬಂತೇನು?” ಅವಳು ಫೋನಿನತ್ತ ಬಗ್ಗಿ ಓಣಿಗೆಲ್ಲ ಕೇಳುವಂತೆ ಓದಿ ಹೇಳುವಳು. ಬೇಡ ಅನ್ನುವುದು ಆ ಹೆಂಗಸಿಗೆ ಗೊತ್ತೇ ಇರಲಿಲ್ಲ.

ಎದುರು ಮನೆಯ ದುರ್ಗಾ ತಾಯಿಯಿಲ್ಲದ ಹುಡುಗಿ, ಅಂಜಿನಕ್ಕನ ಒಲೆ ಮುಂದೆಯೇ ಓದಿ ನರ್ಸಿಂಗ್ ಮುಗಿಸಿದವಳು. ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಇವಳ ಮೇಲೆ ಯಾವ ಕೇಸೂ ಇಲ್ಲ ಎಂಬ ಪೊಲೀಸರ ಪ್ರಮಾಣಪತ್ರ ತಂದರೆ ಸೇರಿಕೊಳ್ಳುವುದೊಂದೇ ಬಾಕಿ.

ಅದಕ್ಕೂ ಮುಂಚೆ ಆ ಹುಡುಗಿ ಫೋನಿನಲ್ಲಿ ಕಂಡ ಯಾವುದೋ ನೌಕರಿ ಜಾಹೀರಾತಿಗೆ ತನ್ನ ಕಾರ್ಡಿನ ಫೋಟೊ, ಜೊತೆಗೆ ಅಂಜಿನಕ್ಕನ ನಂಬರು ಕಳಿಸಿದ್ದಳು. ಒಂದು ಮಧ್ಯಾಹ್ನ ಯಾರೋ ಅಂಜಿನಕ್ಕನಿಗೆ ಫೋನು ಮಾಡಿದ. “ದುರ್ಗಾ ಅವ್ರ ನೌಕರಿ ಫಾರಂ ತುಂಬಾಕತ್ತೀವ್ರಿ. ನಿಮಗೊಂದು ನಂಬರ್ ಬಂದೈತಿ, ಹೇಳ್ರಿ.” ಹೇಳಿದಳು. ಇನ್ನೊಂದು ಕೇಳಿದ, ಅದನ್ನೂ ಹೇಳಿದಳು. ಸಾಲದ್ದಕ್ಕೆ, “ನಮ್ಮ ಹುಡುಗಿಗೆ ಲಗೂನ ಮಾಡಿಕೊಡಪ್ಪಾ, ನಿನ್ನ ಹೊಟ್ಟಿ ತಣ್ಣಗಿರ್ಲಿ” ಎಂದು ಹರಸಿದಳು! ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ.

ತಿಂಗಳೊಳಗೆ ಪೊಲೀಸರು ಓಣಿಗೆ ಬಂದರು. ಆ ಓಟಿಪಿಗಳಿಂದ ಯಾರೋ ಮೋಸಗಾರರು ದುರ್ಗಾಳ ಹೆಸರಿನಲ್ಲಿ ಎಲ್ಲೋ ಬ್ಯಾಂಕ್ ಖಾತೆ ತೆರೆದು, ಕಂಡಕಂಡವರಿಗೆ ಟೋಪಿ ಹಾಕಿದ ದುಡ್ಡನ್ನು ಅದರಲ್ಲಿ ಹಾಯಿಸಿದ್ದರು. ಹುಡುಗಿ, “ನಾ ಯಾರಿಗೂ ನಂಬರ್ ಹೇಳಿಲ್ರಿ ಸರ್, ನಮ್ಮವ್ವನಾಣಿ” ಎಂದಳು.

ಅಂಜಿನಕ್ಕನಿಗೆ ಆ ಮಧ್ಯಾಹ್ನದ ಫೋನು ನೆನಪಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲವೇನೋ.

“ನಾ ಹೇಳೀನ್ರಿ,” ಎಂದಳು. “ದಿನಾ ಹೇಳಿದಂಗ ಅವತ್ತೂ ಹೇಳೀನಿ.”

ದುರ್ಗಾ ಅವಳ ಮುಖವನ್ನು ಒಮ್ಮೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

ಆಮೇಲೆ ಹೊಸಪೇಟೆಯ ಪೊಲೀಸ್ ಕಚೇರಿಗೆ ತಿರುಗಾಟ. ಸಾಹೇಬರು ಇಲ್ಲ, ಬ್ಯಾಂಕಿನಿಂದ ಉತ್ತರ ಬಂದಿಲ್ಲ, ಸೋಮವಾರ ಬರ್ರಿ. ಇಬ್ಬರೂ ಬಸ್ಸಿನ ಒಂದೇ ಸೀಟಿನಲ್ಲಿ ಕೂತು ಹೋಗಿ ಬರುವರು, ದುರ್ಗಾ ಕಿಟಕಿಯ ಕಡೆ ಮುಖ ಮಾಡಿರುವಳು. ಅಂಜಿನಕ್ಕ ಕಟ್ಟಿಕೊಂಡು ಹೋದ ಬುತ್ತಿ ಎಷ್ಟೋ ಸಲ ಬಿಚ್ಚದೆ ವಾಪಸು ಬಂದಿತು. ಮಾಡದ ತಪ್ಪನ್ನು ಮಾಡಿಲ್ಲ ಎಂದು ಬರೆಸಿಕೊಳ್ಳಲು ಇಷ್ಟು ಸವೆಯಬೇಕೇ? ದುರ್ಗಾಳದು ತಪ್ಪಿಲ್ಲ ಎಂದು ಪೊಲೀಸರು ಬರೆದುಕೊಡುವ ಹೊತ್ತಿಗೆ ಆಸ್ಪತ್ರೆಯವರು ಬೇರೆ ನರ್ಸನ್ನು ತೆಗೆದುಕೊಂಡಿದ್ದರು.

ಓಣಿಯವರು ಒಬ್ಬೊಬ್ಬರಾಗಿ ಹೋಗಿ ಕಾರ್ಡಿಗೆ ತಮ್ಮ ತಮ್ಮ ನಂಬರು ಹಾಕಿಸಿಕೊಂಡರು. ಅಂಜಿನಕ್ಕನ ಬಾಗಿಲಲ್ಲಿ ಕೂಗು ನಿಂತಿತು. ಪೀಡೆ ತೊಲಗಿತೆಂದು ನಿಟ್ಟುಸಿರು ಬಿಡಬೇಕಾದವಳು, ರೊಟ್ಟಿ ಬಡಿಯುವುದನ್ನು ನಡುವೆ ನಿಲ್ಲಿಸಿ ಹೊರಗೆ ನೋಡುವಳು.

ಎಷ್ಟೋ ದಿನದ ಮೇಲೆ ದುರ್ಗಾ ತಾನಾಗಿ ಬಂದು ಒಲೆ ಮುಂದೆ ಕೂತಳು. ಹಗರಿಬೊಮ್ಮನಹಳ್ಳಿಯಲ್ಲೊಂದು ಆಸ್ಪತ್ರೆಗೆ ಜನ ಬೇಕಂತೆ, ತನ್ನ ಹೊಸ ಫೋನಿನಲ್ಲಿ ಅರ್ಜಿ ತುಂಬುತ್ತಿದ್ದಳು. ಫೋನು ಟಿಣ್ ಎಂದಿತು.

“ಎಷ್ಟು ಬಂತವ್ವಾ ನಂಬರ್?” ಅಂಜಿನಕ್ಕನ ಬಾಯಿಂದ ತಾನೇ ಹೊರಬಿತ್ತು.

ದುರ್ಗಾ ಫೋನಿನ ಮೇಲೆ ಅಂಗೈ ಮುಚ್ಚಿದಳು. “ನಿನಗೂ ಹೇಳಂಗಿಲ್ಲ, ಅಂಜಿನಕ್ಕ.”

ಅಂಜಿನಕ್ಕನ ಕಣ್ಣು ತುಂಬಿತು.

“ಬ್ಯಾಡವ್ವಾ,” ಎಂದಳು. “ಹೇಳಬ್ಯಾಡ.” ಹುಡುಗಿಯ ಫೋನು ಕಾಣದಂತೆ ಗೋಡೆಯ ಕಡೆ ತಿರುಗಿ ಕೂತಳು.