ಕಾಕನ ಸ್ಟಾಕ್

ಗೋಣಿಯ ಬಾಯಿ ಹೊಲಿದು ಹೊಲಿದು ಕಾಕನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಹೋಗಿತ್ತು. ಊರಿಗೆಲ್ಲ ಅವರು ಕಾಕ. ಅರಂತೋಡಿನ ರಸ್ತೆ ಬದಿಯ ಅವರ ದಿನಸಿ ಅಂಗಡಿಗೆ ನಾನು ಪಿಕಪ್‌ನಲ್ಲಿ ಸಾಮಾನು ತಂದು ಹಾಕುತ್ತಿದ್ದೆ. ಶಾಲೆ ಬೇಗ ಬಿಟ್ಟವನು ನಾನು. ದುಡಿದು ತಿಂದವನು, ಯಾರ ಮುಂದೆಯೂ ಕೈಯೊಡ್ಡಿದವನಲ್ಲ. ಇಂಗ್ಲಿಷಿನ ಒಂದೇ ಒಂದು ಶಬ್ದದ ಅರ್ಥ ನನಗೆ ಪೂರ್ತಿ ಗೊತ್ತು. ಕಲಿಸಿದವರು ಕಾಕ.

ಬೇರೆ ಅಂಗಡಿಗಳಲ್ಲಿ ಸ್ಟಾಕ್ ಎಂದರೆ ಮಾರುವ ಮಾಲು. ಕಾಕನಿಗೆ ಅದು ಮಾರದೆ ಇಡುವ ಮಾಲು. ಪ್ರತಿ ಸಾಮಾನಿನ ಕೊನೆಯ ಪಾಲನ್ನು ಹಿಂದೆ ಸರಿಸಿ ಗೋಣಿಯ ಬಾಯಿ ಹೊಲಿದುಬಿಡುತ್ತಿದ್ದರು. ಬಾಣಂತಿ ಇರುವ ಮನೆ, ಸಾವಾದ ಮನೆ, ಜ್ವರ ಬಿದ್ದ ಮನೆಯಿಂದ ಯಾರಾದರೂ ಬಂದರೆ ಮಾತ್ರ ಆ ಹೊಲಿಗೆ ಬಿಚ್ಚುವುದು. ಉಳಿದವರಿಗೆ ಅಕ್ಕಿ ಮುಗಿಯಿತು ಎನ್ನುವುದು. ಗೋಣಿ ಕಣ್ಣೆದುರೇ ಇರುವಾಗ ಜನ ಬಿಡುತ್ತಾರೆಯೇ? ಒಮ್ಮೆ ನಾನೇ ಕೆಣಕಿದ್ದೆ.

"ಅದು ಎಂತ ಮತ್ತೆ ಕಾಕ, ಉಮಿಯಾ?"

"ಅದು ಅಕ್ಕಿ ಅಲ್ಲ ಮಾರಾಯ, ಸ್ಟಾಕ್. ನಿನ್ನ ಮನೆಯಲ್ಲಿ ಯಾರಾದ್ರೂ ಮಲಗಿದ್ರೆ ಬಾ, ಕೊಡ್ತೇನೆ."

ಗುಡ್ಡ ಜರಿದು ರಸ್ತೆ ಬಂದಾದ ಒಂದು ಮಳೆಗಾಲ ನನ್ನ ಅಮ್ಮ ಮಲಗಿದರು. ಅವರ ಗಂಜಿಗೆ ಅಕ್ಕಿ ಆ ಗೋಣಿಯಿಂದಲೇ ಬಂತು.

ಆಮೇಲೆ ಆ ಕೊರೊನಾದ ಬೇಸಗೆ. ಕಾಕನಿಗೆ ಉಸಿರು ಸಾಲದಾಯಿತು. ಎಲ್ಲಿಯೂ ಬೆಡ್ ಇಲ್ಲ. ಅವರನ್ನು ಮನೆಯಲ್ಲೇ ಮಲಗಿಸಿ, ಆಕ್ಸಿಜನ್ ಸಿಲಿಂಡರಿಗಾಗಿ ನಾನು ಸುಳ್ಯವಿಡೀ ಸುತ್ತಿ ಪುತ್ತೂರಿಗೆ ಓಡಿದೆ. ಅಲ್ಲೊಂದು ಗೋಡೌನಿನ ಮೂಲೆಯಲ್ಲಿ ತುಂಬಿದ ಸಿಲಿಂಡರ್ ಒಂದೇ ಒಂದು ನಿಂತಿತ್ತು. ಸ್ಟಾಕ್ ಇಲ್ಲ ಎಂದ ಗೋಡೌನಿನವನು. ಕಣ್ಣೆದುರೇ ಉಂಟಲ್ಲ ಎಂದೆ. ಅದು ಬಾಣಂತಿಯೊಬ್ಬಳಿಗೆ ಇಟ್ಟದ್ದು, ಅವಳ ಗಂಡ ದಾರಿಯಲ್ಲಿದ್ದಾನೆ ಎಂದ. ಕೈ ಮುಗಿದೆ. ಕಾಲು ಹಿಡಿದೆ. ಕೊನೆಗೆ ಸಿಲಿಂಡರಿಗೇ ಕೈ ಹಾಕಿದೆ. ದಿನವಿಡೀ ಮೂಟೆ ಹೊರುವ ಬೆನ್ನು ನನ್ನದು, ಎತ್ತಿಕೊಂಡು ಓಡಬಹುದಿತ್ತು. ಬಾಯಿ ಹೊಲಿದ ಗೋಣಿ ಕಣ್ಣಿಗೆ ಬಂತು. ಕೈ ತಾನಾಗಿ ಬಿಟ್ಟಿತು.

ಬರಿಗೈಯಲ್ಲಿ ಬಂದು ನಡೆದದ್ದನ್ನು ಹೇಳಿದೆ. ಕಾಕ ಕಷ್ಟಪಟ್ಟು ಉಸಿರು ಕೂಡಿಸಿಕೊಂಡರು.

"ಬಾಣಂತಿಗಾ? ಹಾಗಾದ್ರೆ ನೀನು ಎಂತ ಮಾಡುದು. ಬಿಡು."

ಸಂಜೆಯೊಳಗೆ ಎಲ್ಲ ಮುಗಿಯಿತು.

ಅವರು ಬಿಟ್ಟರು. ನನಗೆ ಬಿಡಲಾಗಿಲ್ಲ. ಈಗಲೂ ಲೋಡ್ ಮಾಡುವಾಗ ಯಾರಾದರೂ ಸ್ಟಾಕ್ ಎಂದರೆ ಸಾಕು, ಆ ಕಬ್ಬಿಣದ ತಂಪು ಅಂಗೈಗೆ ಹತ್ತುತ್ತದೆ.