ತೊಟ್ಟಿಲಿನ ಸಿಡಿಲುಗಲ್ಲು ಯಾವ ಪಟ್ಟಿಗೆ?

ತೊಂಬತ್ತರ ದಶಕದಲ್ಲಿ ನಾನು ಬಿಂಡಿಗನವಿಲೆ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಚಿಕ್ಕ ಮಕ್ಕಳಿಗೆ ಆದಿಮಾನವ, ದೊಡ್ಡವರಿಗೆ ಕೇಂದ್ರ-ರಾಜ್ಯಗಳ ಅಧಿಕಾರ ಹಂಚಿಕೆ. ಒಂದು ದಿನ ಪುಸ್ತಕದಲ್ಲಿ ನವಶಿಲಾಯುಗದ ಕೊಡಲಿಯ ಚಿತ್ರ ನೋಡಿ ಬೆಪ್ಪಾದೆ. ಅಂಥದೇ ನುಣುಪಾದ ಕರಿಗಲ್ಲೊಂದು ನಮ್ಮೂರಿನ ತೊಟ್ಟಿಲುಗಳಲ್ಲಿ ಸುತ್ತುತ್ತಿತ್ತು!

ನಮ್ಮತ್ತೆಯ ಪ್ರಕಾರ ಅದು ಸಿಡಿಲಿನ ಜೊತೆ ಬಿದ್ದ ಕಲ್ಲು. ತಲೆದೆಸೆಯಲ್ಲಿಟ್ಟರೆ ಎಳೆಗೂಸು ನಿದ್ದೆಯಲ್ಲಿ ಬೆಚ್ಚುವುದಿಲ್ಲ. ಹೊಸ ಕೂಸು ಬಂದ ಮನೆಯವರು ಆಗ ಕಲ್ಲಿರುವ ಮನೆಗೆ ಹೋಗಿ ಕೇಳಿ ತರಬೇಕು. ಕೇಳಿದರೆ ಇಲ್ಲವೆನ್ನುವಂತಿಲ್ಲ, ಕೂಸು ಹುಟ್ಟುವ ಮೊದಲು ಯಾರೂ ಕೇಳುವಂತಿಲ್ಲ.

ನನ್ನ ತಲೆಗೆ ಹುಳ ಹೊಕ್ಕಿತು. ಹಾಗಾದರೆ ಇದು ಯಾರ ಸ್ವತ್ತು? ಸಂವಿಧಾನ ತೆರೆದರೆ ಹಳೆಯ ಕುರುಹುಗಳ ಮಾತು ಮೂರು ಪಟ್ಟಿಗಳಲ್ಲೂ ಇತ್ತು: ಕೇಂದ್ರ, ರಾಜ್ಯ, ಇಬ್ಬರಿಗೂ ಸೇರಿದ ಸಮವರ್ತಿ. ಕುತೂಹಲ ತಡೆಯಲಾರದೆ, ಅತ್ತೆಯನ್ನು ಒಂದು ಮಾತೂ ಕೇಳದೆ, ಒಂದು ಕಚೇರಿಗೆ ಕಾಗದ ಬರೆದೆ. ಅವರು ಇನ್ನೊಂದು ಕಚೇರಿ ತೋರಿಸಿದರು. ಅಲ್ಲಿಗೂ ಬರೆದು ಮರೆತೇಬಿಟ್ಟೆ.

ವರ್ಷದ ಮೇಲೆ, ಮಾಕವಳ್ಳಿಯ ತವರಿನಿಂದ ನಾನು ಮಗುವಿನೊಂದಿಗೆ ಬಂದ ವಾರವೇ, ಆ ಎರಡನೇ ಕಚೇರಿಯ ಅಧಿಕಾರಿಯೊಬ್ಬರು ನಾಗಮಂಗಲದ ಬಸ್ಸಿಳಿದು ಮನೆ ಹುಡುಕಿಕೊಂಡು ಬಂದರು. ಕಲ್ಲನ್ನು ಮ್ಯೂಸಿಯಂಗೆ ಕೊಡಲು ಒಪ್ಪಿಗೆಯ ಸಹಿ ಬೇಕಿತ್ತು. ನನ್ನ ಕಾಗದದ ವಿಷಯ ಅತ್ತೆಗೆ ತಿಳಿದದ್ದೇ ಆಗ. ಬಯ್ಗುಳಕ್ಕೆ ತಯಾರಾಗಿ ನಿಂತೆ. ಅತ್ತೆ ಬಯ್ಯಲಿಲ್ಲ.

"ನಾನೇನ್ ಯೋಳಕ್ಕಾಯ್ತದೆ ಸಾಮಿ? ಕಲ್ಲು ಯಾರ ತೊಟ್ಲಾಗದೋ ಅವ್ರದೇ ಮಾತು. ಈಗ ನಮ್ ಸೊಸೆ ತಾವದೆ. ಅವಳ್ನೇ ಕೇಳಿ" ಎಂದರು.

"ಬರೆದದ್ದೂ ನೀವೇ ಅಲ್ವಾ? ಸುಲಭವಾಯ್ತು ಬಿಡಿ" ಎಂದು ಅಧಿಕಾರಿ ನಗುತ್ತಾ ನನಗೆ ಪೆನ್ನು ಕೊಟ್ಟರು.

ಮಗು ನಿದ್ದೆ ಮಾಡುತ್ತಿತ್ತು. ತಲೆದೆಸೆಯ ಕಲ್ಲಿಗೆ ಕೈ ಹಾಕಿದೆ. ಆಗ ಬಾಗಿಲ ಕಡೆ ಕಣ್ಣು ಹೋಯಿತು. ಪಕ್ಕದ ಮನೆಯ ತುಂಬು ಬಸುರಿ ಬಾಗಿಲ ದಾರಂದಕ್ಕೆ ಒರಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳು ಬಾಯಿ ಬಿಡುವಂತಿರಲಿಲ್ಲ, ಅವಳ ಕೂಸಿನ್ನೂ ಹುಟ್ಟಿರಲಿಲ್ಲ. ನಾಚಿಕೆಯಾಗಿ ಪೆನ್ನನ್ನು ಹಿಂದಕ್ಕೆ ಕೊಟ್ಟೆ.

"ಅಳತೆ ತಗೊಳ್ಳಿ ಸಾರ್, ಚಿತ್ರಾನೂ ಬರ್ಕೊಳ್ಳಿ" ಎಂದೆ. "ಕೊಡೋ ಅಧಿಕಾರ ನಂಗಿಲ್ಲ. ಮುಂದಿನ ವಾರ ಅವಳು ಕೇಳೋಕೆ ಬರ್ತಾಳೆ."